ಗಂಗಕ್ಕ ಹಾಲು ಬಿಟ್ಟದ್ದು

ಕೊಟ್ಟಿಗೆಹಾರದಲ್ಲಿ ಚಾರ್ಮಾಡಿ ಘಾಟಿಗೆ ಇಳಿಯುವ ರಸ್ತೆಯ ಬದಿಗೆ ಸೋಮಶೇಖರಪ್ಪನವರ ಜಿನಸಿ ಅಂಗಡಿ ಇತ್ತು. ಅದಕ್ಕೆ ತಾಗಿಕೊಂಡೇ ನಮ್ಮ ಮನೆಯವರು ಯಾಕೂಬ್ ಜೀಪು ರಿಪೇರಿ ಮಾಡುತ್ತಿದ್ದ ಶೆಡ್ಡು. ಅಂಗಡಿಯ ಹಿಂದೆ ಅವರ ಸಂಸಾರ, ಶೆಡ್ಡಿನ ಹಿಂದೆ ನಮ್ಮದು. ನಡುವೆ ಒಂದು ದಾಸವಾಳದ ಬೇಲಿ, ಅದೂ ಓಡಾಡಿ ಓಡಾಡಿ ಒಂದು ಕಡೆ ತೆರೆದುಕೊಂಡಿತ್ತು.

ಸೋಮಶೇಖರಪ್ಪನವರ ಹೆಂಡತಿ ಶಿವಗಂಗಮ್ಮ. ನನಗಿಂತ ದೊಡ್ಡವರು, ಹಾಗಾಗಿ ನನಗೆ ಗಂಗಕ್ಕ. ಕಡೂರಿನ ಕಡೆ ಬಯಲಿನ ಲಿಂಗಾಯತರ ಮನೆಯ ಮಗಳು. ಹಟ್ಟಿ ತುಂಬ ದನ ಇದ್ದ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಹಾಲು ಮೊಸರು ಎಂದರೆ ಪ್ರಾಣ. ಊಟಕ್ಕೆ ಕುಳಿತರೆ ಅನ್ನ ಬರೀ ಒಂದು ನೆಪ, ತಟ್ಟೆಯ ತುಂಬ ಮೊಸರು. ಇಲ್ಲಿಗೆ ಮದುವೆಯಾಗಿ ಬಂದ ಮೇಲೆ ಹಟ ಮಾಡಿ ಎರಡು ಹಸು ಕಟ್ಟಿಸಿಕೊಂಡಿದ್ದರು. "ಕಾಫಿ ಸೀಮೆಗೆ ಬಂದೆ ಅಂತ ನಾನೇನು ಬರೀ ಕಷಾಯ ಕುಡ್ಕೊಂಡಿರೋದಾ ಮಾರಾಯ್ತಿ" ಅನ್ನುತ್ತಿದ್ದರು.

ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಆಮೇಲೆ ಹುಟ್ಟಿದವಳು ಸರ್ವಮಂಗಳ, ಒಬ್ಬಳೇ ಮಗಳು. ಎಪ್ಪತ್ತೆರಡರ ಮಳೆಗಾಲದಲ್ಲಿ ಎಂಟು ವರ್ಷದ ಆ ಹುಡುಗಿಗೆ ವಿಷಮಜ್ವರ ಬಂತು. ಮೂಡಿಗೆರೆಯ ಡಾಕ್ಟರು ಮಾತ್ರೆ ಕೊಟ್ಟರು, ಮುಂದಿನದು ದೇವರ ಕೈಯಲ್ಲಿ ಎಂದರು. ಹುಡುಗಿ ಕಣ್ಣು ಬಿಡಲಿಲ್ಲ, ನೀರು ನುಂಗಲಿಲ್ಲ. ನಾನು ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕುಳಿತಿದ್ದೆ. ಗಂಗಕ್ಕ ಕೊರಳ ಲಿಂಗವನ್ನು ಬಿಚ್ಚಿ ಎಡಗೈ ಮೇಲೆ ಇಟ್ಟುಕೊಂಡು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

"ಈ ಮಗೂನ ನನಗೆ ಬಿಟ್ಟುಕೊಡು. ಇನ್ನು ನಾನಿರೋವರೆಗೂ ಹಾಲು, ಮೊಸರು, ಬೆಣ್ಣೆ, ತುಪ್ಪ ಒಂದು ತೊಟ್ಟೂ ಬಾಯಿಗೆ ಹಾಕಲ್ಲ."

ಮಗು ಉಳಿಯಿತು. ಹರಕೆಯೂ ಉಳಿಯಿತು.

ಬೆಳಗ್ಗೆ ಹಾಲು ಕರೆಯುವುದು ಅವರೇ, ಮೊಸರು ಕಡೆಯುವುದು ಅವರೇ, ತುಪ್ಪ ಕಾಯಿಸಿ ಗಂಡನಿಗೂ ಮಗಳಿಗೂ ಬಡಿಸುವುದು ಅವರೇ. ಕೈಗೆ ಮೆತ್ತಿದ ಬೆಣ್ಣೆಯನ್ನು ತಂಬಿಗೆಯ ಅಂಚಿಗೆ ಒರೆಸಿ ಬಿಸಿನೀರಲ್ಲಿ ಕೈ ತೊಳೆಯುತ್ತಿದ್ದರು. ತಮಗೆ ಬೆಲ್ಲದ ಕರಿ ಕಾಫಿ, ಅನ್ನ ಸಾರು, ಸೊಪ್ಪು. ಬಟವಾಡೆಯ ದಿನ ಅಂಗಡಿಗೆ ಬರುವ ಎಸ್ಟೇಟಿನ ಹೆಂಗಸರೆಲ್ಲ "ಅಮ್ಮ ಹಾಲು ಬಿಟ್ಟವರು" ಎಂದು ಮರ್ಯಾದೆಯಿಂದ ನೋಡುವರು. ನಮ್ಮ ಮನೆಯವರು ಮಾತ್ರ ಜೀಪಿನ ಅಡಿಯಿಂದಲೇ ಕೀಟಲೆ ಮಾಡುತ್ತಿದ್ದರು.

"ಗಂಗಕ್ಕಾ, ನಿಮ್ಮ ಹಸು ಬೇಜಾರಲ್ಲಿದೆ. ನನ್ನ ಹಾಲು ಅಷ್ಟು ಕೆಟ್ಟದ್ದಾ ಅಂತ ಕೇಳ್ತಿತ್ತು."

"ನನ್ನ ಪಾಲಿಂದು ಹಮೀದಾ ಕುಡೀತಾಳೆ ಅಂತ ಹೇಳು ಯಾಕೂಬಣ್ಣ. ನೋಡು, ದಿನಾ ದಿನಾ ಹೇಗೆ ಉರುಟಾಗ್ತಾ ಇದ್ದಾಳೆ ನಿನ್ನ ಹೆಂಡ್ತಿ."

ಹೀಗೆ ಆರೇಳು ವರ್ಷ ಏನೂ ಆಗಲಿಲ್ಲ. ಅದಕ್ಕೇ, ಆಮೇಲೆ ಆದದ್ದಕ್ಕೂ ಇದಕ್ಕೂ ಯಾರೂ ಗಂಟು ಹಾಕಲಿಲ್ಲ.

ಮೊದಲು ಹೋದದ್ದು ನಾಲಿಗೆ. ಖಾರ ತಿಂದರೆ ಉರಿ, ಬಿಸಿ ಕುಡಿದರೆ ಉರಿ. ಉಷ್ಣ ಎಂದು ಎಳನೀರು ಕುಡಿದರು. ಆಮೇಲೆ ಅಂಗಾಲು ಜುಮುಜುಮು ಅನ್ನಲು ಶುರುವಾಯಿತು. "ನೆಲದ ಮೇಲೆ ಹತ್ತಿ ಹಾಸಿದ ಹಾಗಿದೆ ಹಮೀದಾ, ಕಾಲು ಊರಿದ್ದು ಗೊತ್ತಾಗಲ್ಲ" ಅಂದರು. ವಾತ ಎಂದು ಎಣ್ಣೆ ತಿಕ್ಕಿದೆವು. ಒಂದು ಬೆಳಗ್ಗೆ ಬಚ್ಚಲಲ್ಲಿ ಮುಖಕ್ಕೆ ಸೀಗೆ ಹಚ್ಚಿಕೊಂಡು ಕಣ್ಣು ಮುಚ್ಚಿದವರು ಹಾಗೇ ಪಕ್ಕಕ್ಕೆ ಬಿದ್ದರು. ಆಮೇಲಿಂದ ಮುಖ ತೊಳೆಯುವಾಗ ಒಂದು ಕೈ ಗೋಡೆಗೆ. ಕಣ್ಣು ತೆರೆದಿದ್ದರೆ ನಿಲ್ಲುವರು, ಮುಚ್ಚಿದರೆ ವಾಲುವರು. ವಯಸ್ಸಾಯ್ತು ಅಂದರು ಸೋಮಶೇಖರಪ್ಪನವರು. ಗಂಗಕ್ಕನಿಗೆ ಆಗ ಇನ್ನೂ ಐವತ್ತು ತುಂಬಿರಲಿಲ್ಲ.

ಆಮೇಲೆ ಮರೆವು. ಸಕ್ಕರೆ ಕೇಳಿದವರಿಗೆ ಉಪ್ಪು ಕಟ್ಟಿಕೊಡುವರು, ಹಾಲು ಕರೆಯಲು ಹೋದವರು ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತುಬಿಡುವರು. ಎಂಬತ್ತರ ಬೇಸಗೆಗೆ ಅಂಗಡಿಯ ಅಕ್ಕಿ ಮೂಟೆಗಳ ಹಿಂದೆ ಯಾರೋ ಮಾತಾಡುತ್ತಾರೆ ಎನ್ನಲು ತೊಡಗಿದರು.

"ಎಂತ ಮಾತಾಡ್ತಾರೆ ಗಂಗಕ್ಕ?" ಎಂದು ಕೇಳಿದೆ.

"ಮೆಲ್ಲಗೆ ಮಾತಾಡ್ತಾರೆ. ನನ್ನ ಹೆಸರು ಬಂದಾಗ ಮಾತ್ರ ಗಟ್ಟಿಯಾಗತ್ತೆ."

ಇದು ಸಾಮಾನ್ಯದ್ದಲ್ಲ ಎಂದು ಅವರ ಮನೆಯಲ್ಲಿ ಎಲ್ಲರಿಗೂ ಭಯವಾಯಿತು. ಸಂಸೆ ಕಡೆ ಕವಡೆ ಹಾಕಿ ಪ್ರಶ್ನೆ ಹೇಳುವ ಭೂತಯ್ಯ ಎನ್ನುವವರಿದ್ದರು. ನಮ್ಮ ಜೀಪಿನಲ್ಲೇ ಹೋದದ್ದು. ಅವರು ಕವಡೆ ನೋಡಿ, ಈಕೆ ಹೊತ್ತ ಹರಕೆ ಏನು ಎಂದು ಕೇಳಿದರು. ಸೋಮಶೇಖರಪ್ಪನವರು ಹೇಳಿದರು.

"ಹಾಗಾದ್ರೆ ಅದಕ್ಕೆ ಭಂಗ ಬಂದಿದೆ" ಅಂದರು ಭೂತಯ್ಯ. "ಗೊತ್ತಿಲ್ಲದೆ ಒಳಗೆ ಹೋಗ್ತಾ ಇದೆ. ಮನೇಲಿ ಒಂದೇ ಸೌಟು, ಒಂದೇ ಪಾತ್ರೆ. ಅಂಗಡಿ ಬಿಸ್ಕತ್ತು ತಿಂತಾರೋ ಇಲ್ವೋ? ಅದರಲ್ಲಿ ಹಾಲಿಲ್ವಾ?"

ನಿಜ, ಕರಿ ಕಾಫಿಗೆ ದಿನಾ ಎರಡು ಬಿಸ್ಕತ್ತು ತಿನ್ನುತ್ತಿದ್ದರು. ಅದರಲ್ಲಿ ಹಾಲಿರುತ್ತದೆ ಎಂದು ಅವರಿಗೆ ಹೊಳೆದಿರಲಿಲ್ಲ. ಬರುವಾಗ ದಾರಿಯುದ್ದಕ್ಕೂ ಗಂಗಕ್ಕ ಕೆನ್ನೆ ಕೆನ್ನೆ ಬಡಿದುಕೊಂಡರು.

ಅವತ್ತಿನಿಂದ ಅವರಿಗೆ ಬೇರೆ ಒಲೆ, ಬೇರೆ ಮಡಕೆ, ಬೇರೆ ಸೌಟು. ಆ ಕೆಲಸವನ್ನೆಲ್ಲ ಸರ್ವಮಂಗಳ ಮೈಮೇಲೆ ಹಾಕಿಕೊಂಡಳು. ಹದಿನಾರರ ಹುಡುಗಿ, ಪಾತ್ರೆಗೆ ಎಲ್ಲಿ ಜಿಡ್ಡು ಉಳಿದೀತೋ ಎಂದು ಬೂದಿ ಹಾಕಿ ಹಾಕಿ ಉಜ್ಜುವಳು. ತುಪ್ಪ ಮುಟ್ಟಿದ ಕೈಯನ್ನು ತೊಳೆದು, ಮೂಸಿ ನೋಡಿ, ಮತ್ತೆ ತೊಳೆಯುವಳು. ಹೀಗೆ ಬಿಸ್ಕತ್ತಿನಲ್ಲಿ, ಸೌಟಿನ ಅಂಚಿನಲ್ಲಿ ತಾಯಿಯ ಹೊಟ್ಟೆಗೆ ಹೋಗುತ್ತಿದ್ದ ಇಷ್ಟಿಷ್ಟು ಹಾಲೂ ನಿಂತಿತು.

ಬೇರೆ ಮಡಕೆ ಯಾಕೆ ಎನ್ನುವುದು ಎರಡು ತಿಂಗಳಲ್ಲಿ ಗಂಗಕ್ಕನಿಗೆ ಮರೆತುಹೋಯಿತು. ನನಗೊಬ್ಬಳಿಗೆ ಬೇರೆ ಅಡಿಗೆ ಯಾಕೆ, ಇದರಲ್ಲಿ ಏನು ಹಾಕುತ್ತಾಳೆ ಎನ್ನುವುದು ಅವರ ತಲೆಯಲ್ಲಿ ಕುಳಿತಿತು. ಮಗಳು ಬಡಿಸಿದ್ದನ್ನು ತಳ್ಳುವರು. ನಾನು ಬೇಲಿ ದಾಟಿ ಬಂದು ಅದೇ ಮಡಕೆಯಿಂದ ಅದೇ ಅನ್ನ ಬಡಿಸಿದರೆ ಉಣ್ಣುವರು.

"ಅವ್ವ ಯಾಕೆ ಹೀಗೆ ನೋಡ್ತಾಳೆ ಹಮೀದಮ್ಮ" ಎಂದು ಸರ್ವಮಂಗಳ ಕೇಳುತ್ತಿದ್ದಳು. "ನನ್ನ ಮುಖ ನೋಡ್ತಾಳೆ, ಆಮೇಲೆ ಹಿಂದೆ ಯಾರಾದ್ರೂ ಬಂದ್ರಾ ಅಂತ ನೋಡ್ತಾಳೆ."

ಅದರ ಅರ್ಥ ಗೊತ್ತಾದದ್ದು ಹೆಣ್ಣು ನೋಡಲು ತರೀಕೆರೆಯವರು ಬಂದ ದಿನ. ಮನೆತನ ಒಳ್ಳೆಯದು, ಹುಡುಗ ಶಾಲೆಯ ಮೇಷ್ಟ್ರು. ಗಂಗಕ್ಕ ಅವತ್ತು ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಶಾಂತವಾಗಿಯೇ ಕುಳಿತಿದ್ದರು. ಸರ್ವಮಂಗಳ ಉಪ್ಪಿಟ್ಟಿನ ತಟ್ಟೆ ತಂದಿಟ್ಟಳು. ಹುಡುಗನ ತಾಯಿ ನಗುತ್ತಾ ಕೇಳಿದರು.

"ಒಬ್ಳೇ ಮಗಳಂತಲ್ಲ ನಿಮಗೆ?"

"ಇದ್ಲು" ಅಂದರು ಗಂಗಕ್ಕ. "ಎಪ್ಪತ್ತೆರಡರ ಜ್ವರದಲ್ಲಿ ತೀರಿಕೊಂಡ್ಲು. ಇವಳು ಯಾರೋ, ಅವಳ ಬಟ್ಟೆ ಹಾಕ್ಕೊಂಡು ಬಂದು ಸೇರ್ಕೊಂಡಿದ್ದಾಳೆ. ನೋಡೋಕೆ ಥೇಟ್ ಅವಳ ಹಾಗೇ. ನಮ್ಮ ಯಜಮಾನರಿಗೆ ಇನ್ನೂ ಗೊತ್ತಾಗಿಲ್ಲ."

ಯಾರೂ ಉಪ್ಪಿಟ್ಟು ಮುಟ್ಟಲಿಲ್ಲ. ಸರ್ವಮಂಗಳ ಕೈಯಲ್ಲಿ ನೀರಿನ ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಸೋಮಶೇಖರಪ್ಪನವರು ಏನೋ ಸಮಾಧಾನ ಹೇಳಲು ಹೋದರು, ಬಂದವರು ಚಪ್ಪಲಿ ಮೆಟ್ಟಿಕೊಂಡಾಗಿತ್ತು. ಸುದ್ದಿ ಅವರಿಗಿಂತ ಮೊದಲು ತರೀಕೆರೆ ಮುಟ್ಟಿತು.

ಯಾವ ಮಗಳು ಉಳಿಯಲಿ ಎಂದು ಬಾಯಿ ಕಟ್ಟಿಕೊಂಡರೋ ಅವಳನ್ನೇ ಸತ್ತಳು ಎನ್ನುತ್ತಾರಲ್ಲ ಎಂದು ನಾನು ಮನೆಗೆ ಬಂದು ಅತ್ತೆ. ಆ ಹುಡುಗಿ ಅಳಲಿಲ್ಲ. ಅವಳಿಗೆ ಒಂದೇ ಹಟ, ಅವ್ವ ತನ್ನನ್ನು ಒಂದು ಸಲ ಗುರುತು ಹಿಡಿಯಬೇಕು. ಹಳೆಯ ಲಂಗ ತೋರಿಸುವಳು, ಮೊಣಕಾಲಿನ ಗಾಯದ ಗುರುತು ತೋರಿಸುವಳು. "ಎಲ್ಲ ಸರಿಯಾಗೇ ಕಲ್ತುಕೊಂಡು ಬಂದಿದ್ದೀಯ" ಅನ್ನುವರು ಗಂಗಕ್ಕ.

ದೊಡ್ಡ ಊರಿನ ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರ ಹತ್ತಿರ ಕಾಲಿನ ಸುದ್ದಿ ಯಾರೂ ಎತ್ತಲಿಲ್ಲವಂತೆ. ತಲೆಯ ಡಾಕ್ಟರಿಗೆ ಕಾಲಿನದ್ದು ಯಾಕೆ ಎಂದು ಇವರ ಎಣಿಕೆ. ಅವರು ಮಾತ್ರೆ ಕೊಟ್ಟರು. ಮಾತ್ರೆಗೆ ನಿದ್ದೆ ಬಂತು, ಬಾಯಿಂದ ಜೊಲ್ಲು ಬಂತು, ಮೂಟೆಯ ಹಿಂದಿನ ಮಾತು ಸ್ವಲ್ಪ ಕಡಿಮೆಯಾಯಿತು. ಮಗಳು ಮಾತ್ರ ಸತ್ತವಳಾಗಿಯೇ ಉಳಿದಳು.

ಎಂಬತ್ತೊಂದರ ಕಾಫಿ ಕೊಯ್ಲಿನ ಹೊತ್ತು. ನಾನು ಬೇಲಿಯ ಹತ್ತಿರ ಬಟ್ಟೆ ಒಣಹಾಕುತ್ತಿದ್ದೆ, ಚರ್ಮ ಸೀದ ವಾಸನೆ ಬಂತು. ಹೋಗಿ ನೋಡಿದರೆ ಗಂಗಕ್ಕ ಬಚ್ಚಲ ಒಲೆಯ ಮುಂದೆ ಕುಳಿತಿದ್ದಾರೆ, ಬಲಗಾಲು ಈಚೆ ಉದುರಿದ ಕೆಂಡದ ಮೇಲಿದೆ. ಮುಖದಲ್ಲಿ ಒಂದು ಚೂರೂ ನೋವಿಲ್ಲ. ನಾನು ಕಾಲು ಎಳೆದೆ.

"ಎಂತಕ್ಕೆ ಎಳೀತೀಯ?" ಅಂದರು.

ಗಾಯ ಕೀವು ತುಂಬಿತು. ಮೂಡಿಗೆರೆಯಲ್ಲಿ ಬ್ಯಾಂಡೇಜು ಕಟ್ಟಿ, ಕಾಲು ಉಳಿಯಬೇಕಾದರೆ ಮಂಗಳೂರಿಗೆ ಕರೆದುಕೊಂಡು ಹೋಗಿ ಎಂದರು. ಜೊತೆಗೆ ಒಬ್ಬ ಹೆಂಗಸು ಬೇಕು, ಗಂಗಕ್ಕನಿಗೆ ಮಗಳನ್ನು ಕಂಡರೆ ಆಗದು. ಹಾಗಾಗಿ ನಾನೇ ಹೊರಟೆ. ನಮ್ಮ ಮನೆಯವರು ಜೀಪು ಹೊಡೆದರು. ಸರ್ವಮಂಗಳ ಅಂಗಡಿಯ ಬಾಗಿಲ ಹಿಂದೆ ನಿಂತು, ತಾಯಿಗೆ ಕಾಣದ ಹಾಗೆ ನನ್ನ ಕೈಗೆ ಶಾಲು ಕೊಟ್ಟಳು.

ಮಂಗಳೂರಿನ ಆಸ್ಪತ್ರೆಯಲ್ಲಿ ನೋಡಿದವರು ಕನ್ನಡಕ ಹಾಕಿದ, ವಯಸ್ಸಾದ ಡಾಕ್ಟರು. ಗಾಯ ನೋಡಿದರು. ಕೆಂಡದ ಮೇಲೆ ಕಾಲಿಟ್ಟರೂ ಗೊತ್ತಾಗಲಿಲ್ಲವಾ ಎಂದು ಎರಡು ಸಲ ಕೇಳಿದರು. ಇನ್ನೊಂದು ಕಾಲಿಗೆ ಸೂಜಿ ಚುಚ್ಚಿದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು, ರಕ್ತವೇ ಇಲ್ಲವಲ್ಲ ಎಂದರು. ನಾಲಿಗೆ ಚಾಚಲು ಹೇಳಿದರು. ನಾಲಿಗೆ ಕೆಂಪಗೆ, ಎಣ್ಣೆ ಸವರಿದ ಹಾಗೆ ನುಣ್ಣಗಿತ್ತು. ಆಮೇಲೆ ನಮ್ಮ ಕಡೆ ತಿರುಗಿದರು.

"ಇವರು ಮೀನು, ಮಾಂಸ ಏನಾದರೂ ತಿನ್ನುವುದುಂಟಾ?"

"ನಾವು ಲಿಂಗಾಯತರು ಸಾರ್" ಅಂದರು ಸೋಮಶೇಖರಪ್ಪನವರು.

"ಹಾಲು, ಮೊಸರು?"

"ಮನೇಲಿ ಎರಡು ಹಸು ಇದಾವೆ ಸಾರ್. ಅದಕ್ಕೇನೂ ಕಡಿಮೆ ಇಲ್ಲ."

ಅವರು ಸುಳ್ಳು ಹೇಳಿದ್ದಲ್ಲ. ಮನೆಯ ಮರ್ಯಾದೆಯ ಮಾತು, ಅಭ್ಯಾಸಕ್ಕೆ ಬಂತು. ಆಗ ಮಂಚದ ಮೇಲಿಂದ ಗಂಗಕ್ಕ ಅಂದರು, "ನಾನು ಹಾಲು ಬಿಟ್ಟಿದ್ದೀನಿ."

"ಅವಳ ಮಾತು ಹಿಡೀಬೇಡಿ ಸಾರ್" ಅಂದರು ಸೋಮಶೇಖರಪ್ಪನವರು. "ತಲೆ ಸರಿ ಇಲ್ಲ. ಒಂದು ವರ್ಷದಿಂದ ಅದಕ್ಕೂ ಮಾತ್ರೆ ನಡೀತಿದೆ."

ಡಾಕ್ಟರು ಅವರನ್ನು ಬಿಟ್ಟು ಮಂಚದ ಹತ್ತಿರ ಕುಳಿತರು. ಆ ಒಂದು ವರ್ಷದಲ್ಲಿ ಗಂಗಕ್ಕ ಹೇಳಿದ್ದನ್ನು ನಿಜವಿರಬಹುದು ಎಂದು ಯಾರಾದರೂ ಕೇಳಿದ್ದು ಅದೇ ಮೊದಲು.

"ಯಾವಾಗ ಬಿಟ್ಟಿರಿ ಅಮ್ಮ?"

"ಮಗಳಿಗೆ ಜ್ವರ ಬಂದಾಗ."

"ಅದು ಹರಕೆ ಸಾರ್" ಅಂದರು ಸೋಮಶೇಖರಪ್ಪನವರು. "ಒಂಬತ್ತು ವರ್ಷ ಆಯ್ತು. ಅದು ದೇವರ ವಿಷಯ, ಕಾಯಿಲೆಯದ್ದಲ್ಲ."

ಮಾರನೆಯ ದಿನ ರಕ್ತದ ಪರೀಕ್ಷೆ ನೋಡಿಕೊಂಡು ಡಾಕ್ಟರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಬಿ ಹನ್ನೆರಡು ಎಂದು ಒಂದು ಸತ್ವ. ಮಾಂಸದಲ್ಲಿ, ಮೊಟ್ಟೆಯಲ್ಲಿ, ಹಾಲಿನಲ್ಲಿ ಇರುತ್ತದೆ, ಸೊಪ್ಪು ಕಾಳಿನಲ್ಲಿ ಇಲ್ಲ. ಮೊದಲು ತಿಂದದ್ದು ಮೈಯಲ್ಲಿ ಕೂಡಿಟ್ಟಿರುತ್ತದೆ, ಅದರಲ್ಲೇ ವರ್ಷಗಟ್ಟಲೆ ದಿನ ತಳ್ಳಬಹುದು. ಅದು ಮುಗಿದ ಮೇಲೆ ರಕ್ತ ಬತ್ತುತ್ತದೆ, ನರ ಸೊರಗುತ್ತದೆ.

"ಕಾಲಿನದ್ದು ಸರಿ ಸಾರ್" ಅಂದರು ಸೋಮಶೇಖರಪ್ಪನವರು. "ತಲೆಯದ್ದು? ಮಗಳನ್ನ ಮಗಳಲ್ಲ ಅಂತಾಳೆ."

"ಕಾಲಿಗೆ ಬಂದದ್ದೇ ತಲೆಗೂ ಬಂದದ್ದು. ಎರಡು ಕಾಯಿಲೆ ಅಲ್ಲ ಇದು."

ಸೋಮಶೇಖರಪ್ಪನವರು ಬೆಂಚಿನ ಮೇಲೆ ಕುಳಿತುಬಿಟ್ಟರು. ನನ್ನ ಕಡೆ ನೋಡಿ, "ಬಿಸ್ಕತ್ತು ಕೂಡ ಬಿಡಿಸಿದ್ವಲ್ಲ ಹಮೀದಾ" ಅಂದರು.

ಸೂಜಿ ಶುರುವಾಯಿತು. ಕೆಂಪು ಬಣ್ಣದ ಔಷಧಿ. ಗಾಯ ಮಾಗುವವರೆಗೆ ಅಲ್ಲೇ ಇದ್ದೆವು. ದಿನ ಹೋದ ಹಾಗೆ ಗಂಗಕ್ಕನ ಮುಖಕ್ಕೆ ಬಣ್ಣ ಬಂತು, ಹಸಿವು ಬಂತು. ಪಕ್ಕದ ಮಂಚದವರ ಹೆಸರು, ಊರು ವಿಚಾರಿಸತೊಡಗಿದರು. ಒಂದು ಬೆಳಗ್ಗೆ ನಾನು ತಲೆ ಬಾಚುತ್ತಿದ್ದೆ.

"ಅಲ್ವೇ ಹಮೀದಾ, ಸರ್ವಮಂಗಳ ಯಾಕೆ ಬರಲಿಲ್ಲ? ತಾಯಿ ಆಸ್ಪತ್ರೇಲಿದ್ರೆ ಬರಬಾರ್ದಾ ಹುಡುಗಿ?"

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು. ಅಂಗಡಿ ನೋಡಿಕೊಳ್ಳಲು ಯಾರೂ ಇಲ್ಲ, ಅದಕ್ಕೆ ಎಂದೆ.

ಕೊಟ್ಟಿಗೆಹಾರಕ್ಕೆ ಬಂದ ದಿನ ಗಂಗಕ್ಕನನ್ನು ಇಬ್ಬರು ಹಿಡಿದು ಜೀಪಿನಿಂದ ಇಳಿಸಿದೆವು. ತಲೆ ತಿಳಿಯಾಗಿತ್ತು, ಕಾಲಿನ ಶಕ್ತಿ ಬಂದಿರಲಿಲ್ಲ. ಅದು ಬರುವುದೂ ಇಲ್ಲ, ತಡವಾಗಿದೆ ಎಂದು ಡಾಕ್ಟರು ಹೇಳಿದ್ದರು. ಸರ್ವಮಂಗಳ ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು, ಮುಂದೆ ಬರಲಿಲ್ಲ.

"ಬಾರೇ, ಅಲ್ಲೇ ಯಾಕೆ ನಿಂತೆ?" ಅಂದರು ಗಂಗಕ್ಕ.

ಅವಳು ಹತ್ತಿರ ಬಂದು, ಕೈಗೆ ಸಿಕ್ಕದಷ್ಟು ದೂರದಲ್ಲಿ ನಿಂತು, "ಅವ್ವಾ, ನಾನು ಸರ್ವಮಂಗಳ" ಅಂದಳು.

"ಗೊತ್ತಿಲ್ವಾ ನನಗೆ? ಹುಚ್ಚು ಹುಡುಗಿ" ಎಂದು ಗಂಗಕ್ಕ ನಕ್ಕರು. ನಾವ್ಯಾರೂ ನಗಲಿಲ್ಲ.

ಆ ಒಂದು ವರ್ಷ ಅವರ ತಲೆಯಲ್ಲಿ ಇರಲೇ ಇಲ್ಲ. ತರೀಕೆರೆಯವರು ಬಂದು ಹೋದದ್ದೂ ಇಲ್ಲ. ಹೇಳುವುದು ಬೇಡ ಎಂದು ಮನೆಯಲ್ಲಿ ನಿರ್ಧಾರವಾಯಿತು. ಆದರೆ ಕಾಯಿಲೆಯ ಮೂಲ ಯಾವುದು ಎಂದು ಅಪ್ಪನಿಂದ ಕೇಳಿದ ಮೇಲೆ ಸರ್ವಮಂಗಳ ಹಿಡಿದ ಕೆಲಸ ಬಿಟ್ಟು ತಾಯಿಯ ಮುಂದೆ ಕುಳಿತಳು.

"ಹರಕೆ ಇಳಿಸಿಬಿಡವ್ವ. ಮಠದ ಅಯ್ಯನೋರೂ ಇಳಿಸಬಹುದು ಅಂದಿದ್ದಾರೆ. ಒಂದು ಲೋಟ ಹಾಲು ಕುಡಿ."

"ಆಡಿದ ಮಾತು ಆಡಿದ್ದು. ಬಾಯಿಗೆ ಹಾಕಲ್ಲ ಅಂದಿದ್ದೆ, ಸೂಜಿಗೆ ಹಾಕಲ್ಲ ಅಂದಿರಲಿಲ್ಲ. ತಿಂಗಳಿಗೊಂದು ಚುಚ್ಚಿಸಿಕೊಂಡ್ರೆ ಆಯ್ತು, ಡಾಕ್ಟ್ರೇ ಹೇಳಿದ್ದಾರೆ."

"ನನಗೋಸ್ಕರ ಕಾಲು ಕಳ್ಕೊಂಡೆ."

"ನಿನ್ನನ್ನ ಕಳ್ಕೊಂಡಿದ್ರೆ ಕಾಲು ಇಟ್ಕೊಂಡು ಎಲ್ಲಿಗೆ ಹೋಗಬೇಕಿತ್ತು ನಾನು?"

ಅವಳಿಗೆ ಹೇಳಲು ಇನ್ನೊಂದು ಮಾತಿತ್ತು, ಅದನ್ನು ಆಡದೆ ಎದ್ದು ಬಿಟ್ಟ ಕೆಲಸಕ್ಕೆ ಹೋದಳು.

ಹುಚ್ಚಿಯ ಮಗಳು ಎಂದು ಹೆಸರು ಬಂದಾಗಿತ್ತು. ಇದು ಹುಚ್ಚಲ್ಲ, ನರದ್ದು ಎಂದು ಮನೆಮನೆಗೆ ಹೇಳಿಕೊಂಡು ಬರಲು ಆಗುತ್ತದೆಯೇ. ಎಂಬತ್ತಮೂರರಲ್ಲಿ ಬೀರೂರಿನ ಎಣ್ಣೆ ವ್ಯಾಪಾರಿಯೊಬ್ಬರಿಗೆ ಎರಡನೇ ಸಂಬಂಧಕ್ಕೆ ಕೊಟ್ಟರು. ಒಳ್ಳೆಯ ಮನುಷ್ಯ, ವಯಸ್ಸು ಹೆಚ್ಚು. ಸರ್ವಮಂಗಳ ಬೇಡ ಎನ್ನಲಿಲ್ಲ. ಇಷ್ಟು ದೊಡ್ಡವರಿಗೆ ಯಾಕೆ ಕೊಟ್ಟರು ಎಂದು ಗಂಗಕ್ಕ ಗಂಡನ ಜೊತೆ ಬಹಳ ದಿನ ಜಗಳವಾಡಿದರು. ಅವರು ಬಾಯಿ ಬಿಡಲಿಲ್ಲ.

ತವರಿಗೆ ಬಂದಾಗಲೆಲ್ಲ ಅವಳು ಅಂಗಡಿಯ ಹೊರಗೆ ಚೀಲ ಇಟ್ಟು, ಮೆಟ್ಟಿಲ ಕೆಳಗೆ ನಿಂತು, "ಅವ್ವಾ, ನಾನು ಸರ್ವಮಂಗಳ" ಎಂದು ಹೇಳಿಯೇ ಒಳಗೆ ಕಾಲಿಡುವಳು. ತಾಯಿ ಮುಖ ಎತ್ತಿ ನೋಡುವುದಕ್ಕಿಂತ ಮೊದಲೇ ಹೇಳಿಬಿಡಬೇಕು. ಯಾರೋ ಎನ್ನುವ ಆ ಹಳೆಯ ನೋಟ ಮೊದಲು ತನ್ನ ಮುಖಕ್ಕೆ ಬಿದ್ದೀತು ಎಂದು ಅವಳಿಗೆ ಹೆದರಿಕೆ.

ಎಂಬತ್ತೈದರಲ್ಲಿ ಒಂದು ಮಧ್ಯಾಹ್ನ ನಾವಿಬ್ಬರೂ ಅಂಗಡಿಯ ಹಿಂದೆ ಮೆಣಸು ಬಿಡಿಸುತ್ತಿದ್ದೆವು.

"ಹಮೀದಾ, ನೀನು ನನಗೆ ಸುಳ್ಳು ಹೇಳಲ್ಲ" ಅಂದರು ಗಂಗಕ್ಕ. "ನನ್ನ ಮಗಳು ನನಗೇ ತನ್ನ ಹೆಸರು ಹೇಳ್ತಾಳಲ್ಲ, ಯಾಕೆ? ಕಾಯಿಲೆಯಲ್ಲಿದ್ದಾಗ ನಾನು ಅವಳಿಗೆ ಎಂತ ಅಂದಿದ್ದೆ?"

ಸೋಮಶೇಖರಪ್ಪನವರು ಆಗ ಬದುಕಿದ್ದರು, ಹೇಳಬೇಡ ಎಂದಿದ್ದರು. ಆದರೆ ಕೇಳಿದವರು ಗಂಗಕ್ಕ. ಹೇಳಿದೆ. ತರೀಕೆರೆಯವರ ಮುಂದೆ ಆಡಿದ್ದನ್ನೂ, ಮೊಣಕಾಲಿನ ಗುರುತಿಗೆ ಅಂದದ್ದನ್ನೂ ಬಿಡಲಿಲ್ಲ. ಅವರು ಮೆಣಸು ಬಿಡಿಸುತ್ತಲೇ ಇದ್ದರು. ಮುಗಿದ ಮೇಲೆ, "ಹೌದಾ" ಅಂದರು, ಅಷ್ಟೇ.

ಮುಂದಿನ ಸಲ ಮಗಳು ಬರುತ್ತಾಳೆ ಎಂದು ತಿಳಿದ ದಿನ ಬೆಳಗ್ಗೆಯೇ ಕೋಲು ಹಿಡಿದು, ನನ್ನ ಹೆಗಲು ಹಿಡಿದು, ರಸ್ತೆಯ ಬದಿಯ ಬೆಂಚಿಗೆ ಬಂದು ಕುಳಿತರು. ಒಳಗೆ ಬನ್ನಿ, ಧೂಳು ಎಂದರೆ ಕೇಳಲಿಲ್ಲ.

"ಅವಳು ಬಾಯಿ ತೆಗೆಯೋ ಮೊದಲು ನಾನು ಕರೀಬೇಕು" ಅಂದರು.

ಮೂಡಿಗೆರೆಯ ಕಡೆಯಿಂದ ಬಸ್ಸು ಬಂದಾಗಲೆಲ್ಲ ಕುತ್ತಿಗೆ ಚಾಚುವರು. ಊಟದ ಹೊತ್ತು ದಾಟಿತು. ಕೊನೆಗೆ ಒಂದು ಬಸ್ಸಿನಿಂದ ಸರ್ವಮಂಗಳ ಇಳಿದಳು, ಕಂಕುಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಚೀಲ.

"ಸರ್ವಮಂಗಳಾ" ಎಂದು ಗಂಗಕ್ಕ ಕೂಗಿದರು.

ಅದೇ ಹೊತ್ತಿಗೆ ಡ್ರೈವರು ಜೋರು ಸದ್ದು ಮಾಡುತ್ತಾ ಬಸ್ಸು ಬಿಟ್ಟ. ಇನ್ನೊಂದು ಸಲ ಕೂಗಿದರು, ಅದಕ್ಕೂ ಹಾರನ್ನು ಅಡ್ಡ ಬಂತು. ಅವಳು ಕೂಸಿನ ಟೊಪ್ಪಿ ಸರಿ ಮಾಡುತ್ತಾ ತಲೆ ತಗ್ಗಿಸಿಕೊಂಡೇ ರಸ್ತೆ ದಾಟಿ ಬಂದಳು. ಬೆಂಚಿನ ಮುಂದೆ ಒಂದು ಮಾರು ದೂರದಲ್ಲಿ ನಿಂತಳು.

"ಅವ್ವಾ, ನಾನು ಸರ್ವಮಂಗಳ."

"ಹೌದು ಕಣೇ" ಅಂದರು ಗಂಗಕ್ಕ. "ಬಾ, ಕೂಸಿಗೆ ಬಿಸಿಲು."

ಅವಳು ಒಳಗೆ ಹೋದಳು. ಗಂಗಕ್ಕ ಏಳಲಿಲ್ಲ. ಬಸ್ಸು ಹೋದ ರಸ್ತೆಯನ್ನೇ ನೋಡುತ್ತಾ ಕುಳಿತಿದ್ದರು. ಆಮೇಲೆ ಮೆಲ್ಲಗೆ ನನ್ನ ಸೆರಗು ಎಳೆದರು.

"ನಾನು ಕೂಗಿದ್ದು ನಿನಗೆ ಕೇಳಿಸ್ತಾ ಹಮೀದಾ?"

"ಕೇಳಿಸ್ತು ಗಂಗಕ್ಕ."

"ಹಾಗಾದ್ರೆ ಕೂಗಿದ್ದು ನಿಜ" ಅಂದರು.